ಆಟೊಮನ್ ಲೋಕದ ಆರಂಭಕಾಲದಲ್ಲಿ ಪ್ಲೇಗು: ಆಕರಗಳ ಮೌನ ಮತ್ತು ‘ವಿಧಿವಾದ’ದ ಪ್ರಶ್ನೆ

೧. ಪ್ರಸ್ತಾವನೆ

ಚರಿತ್ರೆಯ ಆಕರಗಳು ಮಾತನಾಡಿದಾಗ ಅವುಗಳ ಅರ್ಥವನ್ನು ನಿಷ್ಕರ್ಷಿಸುವುದು ಸಂಶೋಧಕನ ಸಾಮಾನ್ಯ ಕರ್ತವ್ಯ. ಅವು ಮೌನವಾಗಿರುವಾಗ ಆ ಮೌನಕ್ಕೆ ಅರ್ಥ ಹೇಳುವುದು ಇನ್ನೂ ಕಠಿಣವಾದ ಕೆಲಸ. ಹದಿನಾಲ್ಕನೆಯ ಶತಮಾನದ ಮಧ್ಯಭಾಗದಲ್ಲಿ ಏಷ್ಯ, ಯುರೋಪು ಮತ್ತು ಉತ್ತರ ಆಫ್ರಿಕ ಖಂಡಗಳನ್ನು ತತ್ತರಿಸುವಂತೆ ಮಾಡಿದ ಮಹಾಪ್ಲೇಗು ಆಟೊಮನ್ ಚರಿತ್ರೆಯ ವಿದ್ಯಾರ್ಥಿಗೆ ಇಂಥ ಒಂದು ಮೌನವನ್ನು ಒಡ್ಡುತ್ತದೆ. ಆ ಪಿಡುಗು ಬಂದಾಗ ಆಟೊಮನ್ನರದು ವಾಯವ್ಯ ಅನಾತೋಲಿಯದ ಒಂದು ಸಣ್ಣ ಸಂಸ್ಥಾನ. ಅನಂತರದ ನೂರು ವರ್ಷಗಳಲ್ಲಿ ಅದು ಬಾಲ್ಕನ್ ಪರ್ಯಾಯದ್ವೀಪಕ್ಕೆ ಹಬ್ಬಿತು. ೧೪೫೩ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡಿತು. ೧೫೧೭ರ ವೇಳೆಗೆ ಸಿರಿಯ ಮತ್ತು ಈಜಿಪ್ಟುಗಳನ್ನೂ ಒಳಗೊಂಡಿತು. ಈ ಬೆಳವಣಿಗೆಯ ಉದ್ದಕ್ಕೂ ಪ್ಲೇಗು ಅದರ ಜೊತೆಯಲ್ಲಿಯೇ ಇದ್ದಿತು. ಆದರೆ ಆಟೊಮನ್ನರ ಆರಂಭಕಾಲೀನ ಚರಿತ್ರೆಗಳಲ್ಲಿ ಅದರ ಸುಳಿವು ಅತ್ಯಲ್ಪ.

ಈ ಮೌನದ ಪಕ್ಕದಲ್ಲಿ ಇನ್ನೊಂದು ಕಡೆಯಿಂದ ಬಂದ ಗಟ್ಟಿದನಿಯ ಹೇಳಿಕೆಯೊಂದಿದೆ. ಆಟೊಮನ್ ಪ್ರಜೆಗಳು, ವಿಶೇಷವಾಗಿ ಮುಸಲ್ಮಾನರು, ಪ್ಲೇಗನ್ನು ದೈವಸಂಕಲ್ಪವೆಂದು ತಲೆಬಾಗಿ ಸ್ವೀಕರಿಸಿದರು, ಓಡಲಿಲ್ಲ, ಎಚ್ಚರ ವಹಿಸಲಿಲ್ಲ ಎಂಬುದೇ ಆ ಹೇಳಿಕೆ. ಯುರೋಪಿನ ರಾಯಭಾರಿಗಳೂ ಪ್ರವಾಸಿಗಳೂ ಹದಿನಾರನೆಯ ಶತಮಾನದಿಂದ ಮುಂದೆ ಹೇಳುತ್ತ ಬಂದ ಈ ಮಾತು ಇಪ್ಪತ್ತನೆಯ ಶತಮಾನದವರೆಗೆ ಹೆಚ್ಚುಕಡಿಮೆ ಪ್ರಶ್ನಾತೀತವಾಗಿ ಉಳಿಯಿತು. ಸ್ವಂತ ಆಕರಗಳ ಮೌನ ಒಂದೆಡೆ, ಪರಕೀಯರ ತೀರ್ಪು ಇನ್ನೊಂದೆಡೆ. ಇವೆರಡೂ ಸೇರಿ ಒಂದು ಸಮಾಜದ ಸ್ವಭಾವವನ್ನೇ ನಿರ್ಣಯಿಸಿಬಿಟ್ಟವು. ಈ ನಿರ್ಣಯ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಲಭ್ಯ ಸಾಮಗ್ರಿಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ೧೩೪೭: ಜಲಸಂಧಿಯ ಎರಡು ದಡಗಳು

ಪ್ಲೇಗಿಗೆ ಕಾರಣವಾದ ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದನು. ಅದು ಮೂಲತಃ ಕಾಡುದಂಶಕಗಳ ರೋಗ. ಚಿಗಟದ ಮೂಲಕ ಇಲಿಗೂ ಮನುಷ್ಯನಿಗೂ ದಾಟುತ್ತದೆ. ಮಧ್ಯ ಏಷ್ಯದ ಇಸ್ಸಿಕ್ ಕುಲ್ ಸರೋವರದ ಸಮೀಪದ ಸ್ಮಶಾನವೊಂದರಲ್ಲಿ ೧೩೩೮-೩೯ರ ಗೋರಿಕಲ್ಲುಗಳು ಅಸಾಧಾರಣ ಸಂಖ್ಯೆಯಲ್ಲಿವೆ. ಅಲ್ಲಿ ಹೂಳಲ್ಪಟ್ಟವರ ಅವಶೇಷಗಳಲ್ಲಿ ಈ ರೋಗಾಣುವಿನ ಕುರುಹು ದೊರೆತುದನ್ನು ೨೦೨೨ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಮಧ್ಯ ಏಷ್ಯದಿಂದ ಪಶ್ಚಿಮಕ್ಕೆ ಸಾಗಿದ ರೋಗವು ೧೩೪೬ರ ಹೊತ್ತಿಗೆ ಕಪ್ಪುಸಮುದ್ರದ ಉತ್ತರ ತೀರವನ್ನು ಮುಟ್ಟಿತು. ಅಲ್ಲಿಂದ ಹಡಗುಗಳ ಮೂಲಕ ೧೩೪೭ರಲ್ಲಿ ಬೈಜಾಂಟಿಯನ್ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲನ್ನು ಪ್ರವೇಶಿಸಿತು.

ಆ ವರ್ಷ ಅಲ್ಲಿ ಪಟ್ಟವೇರಿದ್ದವನು ಆರನೆಯ ಜಾನ್ ಕಾಂಟಕೂಜೆನೋಸ್. ೧೩೫೪ರಲ್ಲಿ ಸಿಂಹಾಸನ ತ್ಯಜಿಸಿ ಸನ್ಯಾಸಿಯಾದ ಮೇಲೆ ಅವನು ಬರೆದ ಚರಿತ್ರೆಯಲ್ಲಿ ಈ ಪ್ಲೇಗಿನ ವರ್ಣನೆಯಿದೆ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಅಥೆನ್ಸ್ ನಗರಕ್ಕೆ ಬಂದ ಪಿಡುಗನ್ನು ಥುಸಿಡಿಡೀಸ್ ವರ್ಣಿಸಿದ ಕ್ರಮವೇ ಅವನಿಗೆ ಮಾದರಿ. ಹಲವು ವಾಕ್ಯಗಳು ಆ ಪ್ರಾಚೀನ ಗ್ರಂಥವನ್ನು ನೇರವಾಗಿ ಅನುಸರಿಸುತ್ತವೆ. ಕನ್ನಡದ ಪ್ರೌಢಕಾವ್ಯಗಳ ಅಷ್ಟಾದಶ ವರ್ಣನೆಗಳನ್ನು ಓದಿದವರಿಗೆ ಈ ಬಗೆಯ ಸಂಪ್ರದಾಯನಿಷ್ಠೆ ಅಪರಿಚಿತವಲ್ಲ. ವರ್ಣನೆ ಪರಂಪರಾಗತವಾದ ಮಾತ್ರಕ್ಕೆ ವರ್ಣಿತ ವಸ್ತು ಕಲ್ಪಿತವಾಗುವುದಿಲ್ಲ. ಸಂಪ್ರದಾಯದ ಚೌಕಟ್ಟನ್ನು ಮೀರಿ ಬರುವ ವಿವರವನ್ನು ಗುರುತಿಸುವುದೇ ಇಲ್ಲಿ ಮುಖ್ಯ. ಕಾಂಟಕೂಜೆನೋಸನಲ್ಲಿ ಅಂಥ ವಿವರವೆಂದರೆ ಅವನ ಕಿರಿಯ ಮಗ ಆಂಡ್ರೊನಿಕೋಸನ ಮರಣ. ಆ ಸಾವು ಯಾವ ಪ್ರಾಚೀನ ಗ್ರಂಥದಿಂದಲೂ ಬಂದುದಲ್ಲ. ಅವನ ಸಮಕಾಲೀನನಾದ ನಿಕೆಫೊರೋಸ್ ಗ್ರೆಗೊರಾಸನು ಮನುಷ್ಯರಷ್ಟೇ ಅಲ್ಲದೆ ನಾಯಿ, ಕುದುರೆ, ಹಕ್ಕಿಗಳೂ ಮನೆಯ ಗೋಡೆಗಳಲ್ಲಿ ವಾಸಿಸುವ ಇಲಿಗಳೂ ಸತ್ತುದನ್ನು ದಾಖಲಿಸಿದ್ದಾನೆ. ಇಲಿಗೂ ಪ್ಲೇಗಿಗೂ ಇರುವ ಸಂಬಂಧವು ಸಿದ್ಧಪಡುವುದಕ್ಕೆ ಐದೂವರೆ ಶತಮಾನಗಳ ಮುಂಚಿನ ಈ ಅವಲೋಕನ ವಿಶೇಷ ಬೆಲೆಯುಳ್ಳದ್ದು.

ಜಲಸಂಧಿಯ ಆಚೆಯ ದಡದಲ್ಲಿ ಆಗ ಆಳುತ್ತಿದ್ದವನು ಉಸ್ಮಾನನ ಮಗನಾದ ಒರ್ಹಾನ್. ಬುರ್ಸಾ ನಗರ ೧೩೨೬ರಲ್ಲಿಯೂ ಇಜ್ನಿಕ್ ೧೩೩೧ರಲ್ಲಿಯೂ ಇಜ್ಮಿತ್ ೧೩೩೭ರಲ್ಲಿಯೂ ಆಟೊಮನ್ನರ ವಶಕ್ಕೆ ಬಂದಿದ್ದವು. ೧೩೪೬ರಲ್ಲಿ ಕಾಂಟಕೂಜೆನೋಸನು ತನ್ನ ಮಗಳು ಥಿಯೊಡೊರಾಳನ್ನು ಒರ್ಹಾನನಿಗೆ ವಿವಾಹ ಮಾಡಿಕೊಟ್ಟನು. ೧೩೪೭ರಲ್ಲಿ, ಎಂದರೆ ಪ್ಲೇಗು ಬಂದ ವರ್ಷದಲ್ಲಿಯೇ, ಅಳಿಯನು ಉಸ್ಕುದಾರಿಗೆ ಬಂದು ಮಾವನನ್ನು ಭೇಟಿಯಾದನು. ಹೀಗೆ ರಾಜಕೀಯದಲ್ಲಿಯೂ ಬಾಂಧವ್ಯದಲ್ಲಿಯೂ ಹೆಣೆದುಕೊಂಡಿದ್ದ ಎರಡು ಮನೆತನಗಳ ಪೈಕಿ ಒಂದು ತನ್ನ ಮಗುವಿನ ಸಾವನ್ನು ಬರೆದಿಟ್ಟಿದೆ. ಇನ್ನೊಂದು ಏನನ್ನೂ ಬರೆದಿಲ್ಲ. ಥಿಯೊಡೊರಾಳಿಗೆ ಆಂಡ್ರೊನಿಕೋಸ್ ಒಡಹುಟ್ಟಿದವನು. ಒರ್ಹಾನನ ಆಸ್ಥಾನಕ್ಕೆ ಈ ಪಿಡುಗಿನ ಅರಿವೇ ಇರಲಿಲ್ಲವೆಂದು ಭಾವಿಸುವುದು ಅಸಾಧ್ಯ.

ಹಾಗಾದರೆ ಮೌನವೇಕೆ? ಉತ್ತರ ಸರಳವಾಗಿದೆ. ಒರ್ಹಾನನ ಕಾಲದಲ್ಲಿ ರಚಿತವಾದ ಆಟೊಮನ್ ಚರಿತ್ರೆ ಯಾವುದೂ ಉಪಲಬ್ಧವಿಲ್ಲ. ಉಳಿದು ಬಂದಿರುವವುಗಳಲ್ಲಿ ಪ್ರಾಚೀನವಾದ ಅಹ್ಮದಿಯ ಕಾವ್ಯಭಾಗವು ೧೪೦೦ರ ಆಸುಪಾಸಿನದು. ಅಷಿಕ್‌ಪಾಷಾಜಾದೆಯಂಥವರ ಗದ್ಯಚರಿತ್ರೆಗಳು ಹದಿನೈದನೆಯ ಶತಮಾನದ ಉತ್ತರಾರ್ಧದವು. ಅವುಗಳ ವಸ್ತು ಧರ್ಮಯುದ್ಧ, ವಂಶದ ಏಳಿಗೆ, ಕೋಟೆಗಳ ವಶ, ಸಂತರ ಆಶೀರ್ವಾದ. ರಾಜವಂಶಕ್ಕೆ ದೈವಾನುಗ್ರಹವಿದೆಯೆಂದು ಸಾಧಿಸಹೊರಟ ಕಥನದಲ್ಲಿ ಮಿತ್ರನನ್ನೂ ಶತ್ರುವನ್ನೂ ಸಮನಾಗಿ ಕೊಂದ ರೋಗಕ್ಕೆ ಸ್ಥಾನ ದೊರೆಯಲಿಲ್ಲ. ಶಿಲಾಶಾಸನದ ಪ್ರಶಸ್ತಿಭಾಗದಲ್ಲಿ ಬರಗಾಲದ ಪ್ರಸ್ತಾಪ ಬಾರದಿದ್ದರೆ ಬರಗಾಲವೇ ಇರಲಿಲ್ಲವೆಂದು ಯಾರೂ ಹೇಳಲಾರರು. ಇಲ್ಲಿಯ ಮೌನವೂ ಜನರ ಮೌನವಲ್ಲ, ಸಾಹಿತ್ಯಪ್ರಕಾರದ ಮೌನ.

೩. ಮೌನದ ಮೇಲೆ ಕಟ್ಟಿದ ಒಂದು ಊಹೆ

ಈ ಮೌನವನ್ನು ಬೇರೊಂದು ರೀತಿಯಲ್ಲಿ ವಿವರಿಸಿದವರೂ ಉಂಟು. ಉಲಿ ಶಾಮಿಲೊಗ್ಲು ಅವರು ೨೦೦೪ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಆಟೊಮನ್ನರ ಏಳಿಗೆಗೂ ಮಹಾಪ್ಲೇಗಿಗೂ ಸಂಬಂಧ ಕಲ್ಪಿಸಿದರು. ಜನನಿಬಿಡವಾದ ಬೈಜಾಂಟಿಯನ್ ನಗರಗಳೂ ಕರಾವಳಿಯ ಇತರ ತುರ್ಕಿ ಸಂಸ್ಥಾನಗಳೂ ರೋಗದಿಂದ ಹೆಚ್ಚು ನಲುಗಿದವು. ಒಳನಾಡಿನಲ್ಲಿ ಅಲೆಮಾರಿ ಜನರನ್ನು ನೆಚ್ಚಿಕೊಂಡಿದ್ದ ಆಟೊಮನ್ನರು ಕಡಿಮೆ ನಷ್ಟಪಟ್ಟರು. ತೆರವಾದ ಜಾಗಕ್ಕೆ ಅವರು ನುಗ್ಗಿದರು ಎಂಬುದು ಅವರ ವಾದದ ಸಾರ.

ಈ ಊಹೆಗೆ ಕೆಲವು ಆಧಾರಗಳು ಇಲ್ಲದೆ ಇಲ್ಲ. ಹಡಗಿನ ಮಾರ್ಗದಲ್ಲಿದ್ದ ಬಂದರುಗಳು ಮೊದಲು ತುತ್ತಾದುದು ನಿಜ. ೧೩೩೦ರ ದಶಕದ ಆರಂಭದಲ್ಲಿ ಅನಾತೋಲಿಯದಲ್ಲಿ ಸಂಚರಿಸಿದ ಇಬ್ನ್ ಬತೂತನು ಒರ್ಹಾನನಿಗೆ ಸುಮಾರು ನೂರು ಕೋಟೆಗಳಿದ್ದುವೆಂದೂ ಅವನು ಒಂದೇ ಊರಿನಲ್ಲಿ ಹೆಚ್ಚು ಕಾಲ ನಿಲ್ಲದೆ ಅವುಗಳ ನಡುವೆ ಸದಾ ಸಂಚರಿಸುತ್ತಿದ್ದನೆಂದೂ ಬರೆದಿದ್ದಾನೆ. ಅನಂತರ ಭಾರತಕ್ಕೆ ಬಂದು ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡು ಬರೆದ ಪ್ರವಾಸಿಯೂ ಇವನೇ ಆದುದರಿಂದ ಕನ್ನಡ ನಾಡಿನ ಚರಿತ್ರೆಯ ವಿದ್ಯಾರ್ಥಿಗಳಿಗೆ ಅವನ ಹೆಸರು ಪರಿಚಿತ. ಸದಾ ಸಂಚಾರದಲ್ಲಿರುವ ಆಸ್ಥಾನವು ಇಲಿಗಳು ತುಂಬಿದ ಹಳೆಯ ನಗರಕ್ಕಿಂತ ಸುರಕ್ಷಿತವೆಂದು ತರ್ಕಿಸಬಹುದು.

ಆದರೆ ಈ ವಾದದ ಮುಖ್ಯ ಕಂಬ ಮತ್ತೆ ಮೌನವೇ ಆಗಿದೆ. ಆಟೊಮನ್ನರು ಸತ್ತುದನ್ನು ಯಾರೂ ಬರೆದಿಲ್ಲ, ಆದ್ದರಿಂದ ಅವರು ಸಾಯಲಿಲ್ಲ ಎಂಬ ಅನುಮಾನ ಒಪ್ಪತಕ್ಕದ್ದಲ್ಲ. ಒರ್ಹಾನನ ಬುರ್ಸಾ ಅಲೆಮಾರಿಗಳ ಬೀಡಾಗಿರಲಿಲ್ಲ; ರೇಷ್ಮೆಯ ವ್ಯಾಪಾರಕ್ಕೆ ಹೆಸರಾಗುತ್ತಿದ್ದ ನಗರವಾಗಿತ್ತು. ಪ್ಲೇಗು ಅಲ್ಲಿಗೆ ಬಂದುದನ್ನು ಮುಂದಿನ ಕಾಲದ ಸ್ಮೃತಿಯಾದರೂ ಉಳಿಸಿಕೊಂಡಿದೆ. ಬುರ್ಸಾದ ಜನ ಇಂದಿಗೂ ಪೂಜ್ಯಭಾವದಿಂದ ನೆನೆಯುವ ಸಂತ ಎಮಿರ್ ಸುಲ್ತಾನ್ ೧೪೨೯ರಲ್ಲಿ ಗತಿಸಿದುದು ಪ್ಲೇಗಿನಿಂದಲೇ ಎಂದು ಸಂಪ್ರದಾಯ ಹೇಳುತ್ತದೆ. ಸಾಮ್ರಾಜ್ಯದ ಏಳಿಗೆಗೆ ೧೩೫೪ರ ಗಲ್ಲಿಪೋಲಿ ಭೂಕಂಪದಿಂದ ಹಿಡಿದು ಬೈಜಾಂಟಿಯನ್ನರ ಅಂತಃಕಲಹದವರೆಗೆ ಹಲವು ಕಾರಣಗಳುಂಟು. ಪ್ಲೇಗು ಅವುಗಳಲ್ಲಿ ಒಂದಾಗಿರಬಹುದು. ಆಟೊಮನ್ನರನ್ನು ಮಾತ್ರ ಬಿಟ್ಟು ಕೊಂದ ರೋಗವೆಂದು ಅದನ್ನು ಚಿತ್ರಿಸಲಾಗದು.

೪. ರಾಜಧಾನಿ ಮತ್ತು ರಾಜಮಾರ್ಗಗಳು

೧೪೫೩ರ ಅನಂತರ ಚಿತ್ರ ಸ್ಪಷ್ಟವಾಗತೊಡಗುತ್ತದೆ. ಎರಡನೆಯ ಮೆಹ್ಮದನು ಗೆದ್ದ ನಗರ ಬಹುಮಟ್ಟಿಗೆ ಬರಿದಾಗಿತ್ತು. ಅದನ್ನು ತುಂಬಲು ಅವನು ಅನಾತೋಲಿಯ ಮತ್ತು ಬಾಲ್ಕನ್ ಪ್ರದೇಶಗಳಿಂದ ಮುಸಲ್ಮಾನ, ಕ್ರೈಸ್ತ, ಯಹೂದಿ ಕುಟುಂಬಗಳನ್ನು ಆಜ್ಞಾಪೂರ್ವಕವಾಗಿ ಕರೆತಂದು ನೆಲೆಗೊಳಿಸಿದನು. ಹೀಗೆ ತುಂಬಿದ ಹೊಸ ರಾಜಧಾನಿಗೆ ಮೊದಲ ದೊಡ್ಡ ಆಘಾತ ೧೪೬೭ರಲ್ಲಿ ಬಂದಿತು. ಇದನ್ನು ವರ್ಣಿಸಿದವನು ಇಂಬ್ರೋಸ್ ದ್ವೀಪದ ಗ್ರೀಕ್ ಲೇಖಕ ಕ್ರಿಟೊವೂಲೋಸ್. ಅವನು ಗ್ರೀಕ್ ಭಾಷೆಯಲ್ಲಿ ಬರೆದರೂ ತನ್ನ ಚರಿತ್ರೆಯನ್ನು ಅರ್ಪಿಸಿದುದು ಸುಲ್ತಾನ ಮೆಹ್ಮದನಿಗೆ. ದಿನವೊಂದಕ್ಕೆ ಆರುನೂರಕ್ಕೂ ಮಿಕ್ಕಿ ಜನ ಸತ್ತರೆಂದೂ ಹೂಳುವವರ ಕೊರತೆಯುಂಟಾಯಿತೆಂದೂ ಅವನು ತಿಳಿಸುತ್ತಾನೆ. ಕೆಲವರು ನಗರವನ್ನು ತೊರೆದು ಓಡಿದರೆಂದೂ ಮತ್ತೆ ಕೆಲವರು ಬಾಗಿಲು ಮುಚ್ಚಿ ಯಾರನ್ನೂ ಒಳಗೆ ಬಿಡದೆ ಕುಳಿತರೆಂದೂ ಅವನ ಬರಹದಿಂದ ತಿಳಿಯುತ್ತದೆ. ಇವನ ವರ್ಣನೆಯ ಮೇಲೂ ಥುಸಿಡಿಡೀಸನ ನೆರಳಿದೆ. ಆದರೂ ಒಂದು ಸಂಗತಿ ಯಾವ ಮಾದರಿಗೂ ಸೇರಿದುದಲ್ಲ. ಅಲ್ಬೇನಿಯದ ದಂಡಯಾತ್ರೆಯಿಂದ ಹಿಂದಿರುಗುತ್ತಿದ್ದ ಸುಲ್ತಾನನು ರಾಜಧಾನಿಯಲ್ಲಿ ಪ್ಲೇಗಿದೆಯೆಂಬ ವರ್ತಮಾನ ತಿಳಿದು ಅಲ್ಲಿಗೆ ಹೋಗಲಿಲ್ಲ. ಡ್ಯಾನ್ಯೂಬ್ ನದಿಯ ಸಮೀಪದ ನಿಕೊಪೊಲ್ ಮತ್ತು ವಿದಿನ್ ಸೀಮೆಯ ಆರೋಗ್ಯಕರ ಪ್ರದೇಶದಲ್ಲಿ ಉಳಿದುಕೊಂಡನು. ಪ್ಲೇಗಿಗೆ ಬೆನ್ನು ತೋರುವುದನ್ನು ಆಟೊಮನ್ನರು ಅರಿಯರೆಂಬ ಮಾತಿಗೆ ಇದಕ್ಕಿಂತ ನೇರವಾದ ಪ್ರತ್ಯುತ್ತರ ಬೇಕಿಲ್ಲ. ಪ್ರಜೆಗಳೂ ಓಡಿದರು, ಪ್ರಭುವೂ ದೂರ ಉಳಿದನು.

ಇಷ್ಟಾದರೂ ನಗರ ಕುಸಿಯಲಿಲ್ಲ. ೧೪೭೭ರ ಗಣತಿಯಲ್ಲಿ ಇಸ್ತಾಂಬುಲ್ ಮತ್ತು ಗಲಾತಾ ಪಟ್ಟಣಗಳಲ್ಲಿ ಒಟ್ಟು ೧೬,೩೨೪ ಮನೆಗಳು ಲೆಕ್ಕಕ್ಕೆ ಸಿಕ್ಕಿದವು. ರೋಗ ಬರಿದುಮಾಡಿದುದನ್ನು ರಾಜ್ಯವು ಮತ್ತೆ ಮತ್ತೆ ತುಂಬಿತು. ಆದರೆ ಹೊಸಬರನ್ನು ತರುತ್ತಿದ್ದ ದಾರಿಗಳೇ ರೋಗವನ್ನೂ ತರುತ್ತಿದ್ದವು. ಈ ಅಂಶವನ್ನು ವಿಸ್ತಾರವಾಗಿ ಪ್ರತಿಪಾದಿಸಿದವರು ನುಖೆತ್ ವಾರ್ಲಿಕ್. ೧೩೪೭ರಿಂದ ೧೬೦೦ರವರೆಗಿನ ಆಟೊಮನ್ ಪ್ಲೇಗನ್ನು ಕುರಿತು ೨೦೧೫ರಲ್ಲಿ ಪ್ರಕಟವಾದ ಅವರ ಗ್ರಂಥವು ಪಿಡುಗಿನ ಗತಿಯನ್ನು ಸಾಮ್ರಾಜ್ಯದ ವಿಸ್ತರಣೆಯೊಂದಿಗೆ ಹೊಂದಿಸಿ ನೋಡುತ್ತದೆ. ಆರಂಭದಲ್ಲಿ ಪ್ಲೇಗು ಹೊರಗಿನಿಂದ, ಹೆಚ್ಚಾಗಿ ಸಮುದ್ರಮಾರ್ಗದಿಂದ, ಆಗಾಗ ಬಂದು ಹೋಗುತ್ತಿತ್ತು. ೧೪೫೩ರ ಅನಂತರ ಎಲ್ಲ ಹಾದಿಗಳೂ ಇಸ್ತಾಂಬುಲನ್ನು ಸೇರತೊಡಗಿದವು. ೧೫೧೬-೧೭ರಲ್ಲಿ ಸಿರಿಯ ಮತ್ತು ಈಜಿಪ್ಟುಗಳು ಸೇರಿದ ಮೇಲೆ ಧಾನ್ಯದ ಹಡಗು, ಹಜ್ ಯಾತ್ರಿಕರ ತಂಡ, ಸೈನ್ಯ, ಅಂಚೆ ಎಲ್ಲವೂ ಒಂದೇ ಜಾಲದೊಳಗೆ ಬಂದವು. ಹದಿನಾರನೆಯ ಶತಮಾನದ ಕೊನೆಯ ದಶಕಗಳ ವೇಳೆಗೆ ಪ್ಲೇಗು ಅತಿಥಿಯಾಗಿ ಉಳಿಯದೆ ನಿವಾಸಿಯೇ ಆಗಿತ್ತು. ಸಾಮ್ರಾಜ್ಯವನ್ನು ಒಂದುಗೂಡಿಸಿದ ಮಾರ್ಗಗಳೇ ರೋಗಕ್ಕೂ ಮಾರ್ಗಗಳಾದುವೆಂಬ ಈ ವಿವರಣೆಯಲ್ಲಿ ಜನರ ನಂಬಿಕೆಯನ್ನು ದೂಷಿಸುವ ಅಗತ್ಯವೇ ಬೀಳುವುದಿಲ್ಲ.

೫. ಉಳಿಯಬೇಕೆ, ಹೊರಡಬೇಕೆ: ಶಾಸ್ತ್ರಾರ್ಥ

ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ಈ ಪ್ರಶ್ನೆ ಆಟೊಮನ್ನರಿಗಿಂತ ಬಹಳ ಹಳೆಯದು. ಪ್ಲೇಗಿರುವ ಊರಿಗೆ ಹೋಗಬಾರದು, ತಾನಿರುವ ಊರಿಗೆ ಪ್ಲೇಗು ಬಂದರೆ ಅಲ್ಲಿಂದ ಓಡಬಾರದು ಎಂಬ ಅರ್ಥದ ಪ್ರವಾದಿವಚನವೊಂದು ಹದೀಸುಗಳಲ್ಲಿ ಬರುತ್ತದೆ. ಪ್ಲೇಗಿನಿಂದ ಸತ್ತ ಶ್ರದ್ಧಾವಂತನಿಗೆ ಹುತಾತ್ಮನ ಪದವಿ ದೊರೆಯುವುದೆಂದೂ ಹೇಳಲಾಗಿದೆ. ಏಳನೆಯ ಶತಮಾನದಲ್ಲಿ ಸಿರಿಯಕ್ಕೆ ಹೊರಟಿದ್ದ ಖಲೀಫ ಉಮರ್ ಅಲ್ಲಿ ಪ್ಲೇಗಿರುವ ಸುದ್ದಿ ಕೇಳಿ ಮಾರ್ಗಮಧ್ಯದಿಂದಲೇ ಮರಳಿದನು. ದೈವಸಂಕಲ್ಪದಿಂದ ಓಡುತ್ತಿರುವೆಯಾ ಎಂದು ಸೇನಾನಿ ಅಬೂ ಉಬೈದ ಕೇಳಿದಾಗ, ಒಂದು ದೈವಸಂಕಲ್ಪದಿಂದ ಇನ್ನೊಂದು ದೈವಸಂಕಲ್ಪದ ಕಡೆಗೇ ತಾನು ಹೋಗುತ್ತಿರುವೆನೆಂಬ ಭಾವದ ಉತ್ತರವನ್ನು ಉಮರ್ ಕೊಟ್ಟನೆಂದು ಸಂಪ್ರದಾಯ. ಅಬೂ ಉಬೈದ ಅಲ್ಲಿಯೇ ಉಳಿದು ಪ್ಲೇಗಿನಿಂದಲೇ ಮಡಿದನು. ಮರಳಿದವನೂ ಉಳಿದವನೂ ಇಬ್ಬರೂ ಪೂಜ್ಯರು. ಒಂದೇ ಪ್ರಸಂಗದಲ್ಲಿ ಎರಡು ನಿಲುವುಗಳಿಗೂ ಆಧಾರ ದೊರೆಯುವಂತಾದುದರಿಂದ ಮುಂದಿನ ಶತಮಾನಗಳ ಚರ್ಚೆಗೆ ಇದೇ ಬೀಜವಾಯಿತು.

ಕೈರೋ ನಗರದ ಇಬ್ನ್ ಹಜರ್ ಅಲ್ ಅಸ್ಕಲಾನಿ (೧೩೭೨-೧೪೪೯) ಪ್ಲೇಗನ್ನು ಕುರಿತ ಪ್ರಸಿದ್ಧ ಗ್ರಂಥವನ್ನು ಬರೆದವನು. ತನ್ನ ಹೆಣ್ಣುಮಕ್ಕಳನ್ನೇ ಪ್ಲೇಗಿಗೆ ಕಳೆದುಕೊಂಡ ತಂದೆ ಅವನು. ಪಲಾಯನಕ್ಕೆ ಅವನ ಸಮ್ಮತಿಯಿಲ್ಲ. ಆಟೊಮನ್ ವಿದ್ವಾಂಸರು ಈ ಗ್ರಂಥಪರಂಪರೆಯನ್ನು ಬಲ್ಲವರಾಗಿದ್ದರು, ಆದರೆ ಅದನ್ನು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಆಟೊಮನ್ ರಾಜವಂಶದ ಚರಿತ್ರೆಯನ್ನು ಪಾರ್ಸಿ ಭಾಷೆಯಲ್ಲಿ ರಚಿಸಿದ ಇದ್ರಿಸ್ ಬಿದ್ಲಿಸಿಯು ಹದಿನಾರನೆಯ ಶತಮಾನದ ಆರಂಭದಲ್ಲಿ ಅರಬ್ಬಿಯಲ್ಲಿ ಒಂದು ಪ್ಲೇಗು ಪ್ರಬಂಧವನ್ನು ಬರೆದನು. ಪಿಡುಗಿನ ನೆಲೆಗಳಿಂದ ದೂರವಿರುವುದು ಎಂಬುದೇ ಅದರ ಶೀರ್ಷಿಕೆಯ ತಾತ್ಪರ್ಯ. ಆಟೊಮನ್ ವಿದ್ವಾಂಸರ ಚರಿತ್ರಕೋಶದಿಂದ ಖ್ಯಾತನಾದ ತಾಶ್‌ಕೋಪ್ರುಜಾದೆ ಅಹ್ಮದನೂ (೧೪೯೫-೧೫೬೧) ಈ ವಿಷಯವನ್ನೇ ಕುರಿತು ಬರೆದನು; ದೈವದಲ್ಲಿ ಭರವಸೆಯಿಡುವುದಕ್ಕೂ ಎಚ್ಚರಿಕೆ ವಹಿಸುವುದಕ್ಕೂ ವಿರೋಧವಿಲ್ಲವೆಂಬ ದಿಕ್ಕಿನಲ್ಲಿ ಅವನ ವಿಚಾರ ಸಾಗುತ್ತದೆ. ೧೫೪೫ರಿಂದ ೧೫೭೪ರವರೆಗೆ ಸಾಮ್ರಾಜ್ಯದ ಅತ್ಯುಚ್ಚ ಧರ್ಮಾಧಿಕಾರಿಯಾಗಿದ್ದ ಎಬುಸ್ಸುಊದ್ ಎಫೆಂದಿಯ ಮುಂದೆ ಪ್ಲೇಗಿನಿಂದ ಓಡುವುದು ಸಮ್ಮತವೇ ಎಂಬ ಪ್ರಶ್ನೆ ಬಂದಾಗ ಅವನು ಅದಕ್ಕೆ ಅನುಮತಿಯ ಉತ್ತರವನ್ನು ಕೊಟ್ಟನು. ದೇವರ ಕೋಪದಿಂದ ದೇವರ ಕರುಣೆಯ ಆಶ್ರಯಕ್ಕೆ ಹೋಗುವುದೆಂಬ ಭಾವನೆಯಲ್ಲಿ ಅದು ಸಮ್ಮತವಾಯಿತು. ಉಮರನ ಹಳೆಯ ಉತ್ತರದ ಧ್ವನಿ ಇಲ್ಲಿ ಮತ್ತೆ ಕೇಳಿಬರುತ್ತದೆ.

ಈ ಪರಂಪರೆಯಿಂದ ಎರಡು ಸಂಗತಿಗಳು ಖಚಿತವಾಗುತ್ತವೆ. ಮೊದಲನೆಯದಾಗಿ, ಜನ ಊರು ಬಿಡುತ್ತಿದ್ದರು. ಬಿಡದಿದ್ದರೆ ಆ ಪ್ರಶ್ನೆಯೇ ಧರ್ಮಾಧಿಕಾರಿಯ ಮುಂದೆ ಬರುತ್ತಿರಲಿಲ್ಲ. ಎರಡನೆಯದಾಗಿ, ಉಳಿಯುವುದು ಜಡತ್ವವಾಗಿರಲಿಲ್ಲ. ಎಲ್ಲರೂ ಓಡಿದರೆ ರೋಗಿಗಳ ಶುಶ್ರೂಷೆ ಮಾಡುವವರಾರು, ಸತ್ತವರನ್ನು ಹೂಳುವವರಾರು ಎಂಬ ಚಿಂತೆಯೂ ಈ ಚರ್ಚೆಯ ಒಂದು ಎಳೆಯಾಗಿತ್ತು. ಬಡವನೂ ಕೈಲಾಗದವನೂ ಹೇಗೂ ಓಡಲಾರರು. ಅವರ ಬಳಿ ನಿಲ್ಲುವುದನ್ನು ಪುಣ್ಯವೆಂದು ಕರೆದ ಸಮಾಜವನ್ನು ಅಲಸವೆಂದು ಹೀಗಳೆಯುವುದು ನ್ಯಾಯವಲ್ಲ.

೬. ‘ವಿಧಿವಾದ’ದ ಹುಟ್ಟು

ಹಾಗಾದರೆ ವಿಧಿವಾದದ ಚಿತ್ರ ಎಲ್ಲಿಂದ ಬಂದಿತು? ಅದರ ಪ್ರಸಿದ್ಧ ಆಕರಗಳಲ್ಲಿ ಒಂದು, ಹ್ಯಾಬ್ಸ್‌ಬರ್ಗ್ ದೊರೆಯ ರಾಯಭಾರಿಯಾಗಿ ಸುಲೇಮಾನನ ಆಸ್ಥಾನದಲ್ಲಿದ್ದ ಬುಸ್‌ಬೆಕ್ ಲ್ಯಾಟಿನ್ ಭಾಷೆಯಲ್ಲಿ ಬರೆದ ಪತ್ರಗಳು. ೧೫೬೧ರಲ್ಲಿ ಪ್ಲೇಗು ಅವನ ನಿವಾಸವನ್ನೇ ಹೊಕ್ಕಿತು. ಅವನ ವೈದ್ಯ ಮತ್ತು ಆಪ್ತಮಿತ್ರ ಕ್ವಾಕೆಲ್‌ಬೇನ್ ತೀರಿಕೊಂಡನು. ಬೇರೆಡೆಗೆ ಹೋಗಲು ಅನುಮತಿ ಕೇಳಿದಾಗ ಪ್ರಧಾನಮಂತ್ರಿ ರುಸ್ತುಂ ಪಾಷಾನ ಮೂಲಕ ಬಂದ ಉತ್ತರ, ಪ್ಲೇಗು ದೇವರ ಬಾಣ, ಅದು ಗುರಿ ತಪ್ಪದು, ಓಡಿ ಫಲವೇನು ಎಂಬುದಾಗಿತ್ತು. ಈ ಉತ್ತರವೇ ಮುಂದೆ ಇಡೀ ಸಮಾಜದ ಲಕ್ಷಣವೆಂಬಂತೆ ಉದ್ಧರಿಸಲ್ಪಟ್ಟಿತು. ಆದರೆ ಅದೇ ಪತ್ರದ ಮುಂದಿನ ಭಾಗಕ್ಕೆ ಅಷ್ಟು ಪ್ರಸಿದ್ಧಿ ದೊರೆಯಲಿಲ್ಲ. ರುಸ್ತುಂ ಪಾಷಾ ಆ ವರ್ಷವೇ ಮರಣ ಹೊಂದಿದನು. ಅವನ ಸ್ಥಾನಕ್ಕೆ ಬಂದ ಅಲಿ ಪಾಷಾ ಅನುಮತಿ ನೀಡಿದನು. ಬುಸ್‌ಬೆಕ್ ಇಸ್ತಾಂಬುಲಿನ ಸಮೀಪದ ಪ್ರಿಂಕಿಪೋ ದ್ವೀಪಕ್ಕೆ ಹೋಗಿ ಕೆಲವು ತಿಂಗಳು ನಿಶ್ಚಿಂತೆಯಿಂದ ಕಳೆದನು. ಒಬ್ಬ ಮಂತ್ರಿ ಬೇಡವೆಂದನು, ಇನ್ನೊಬ್ಬ ಆಗಲೆಂದನು. ಇಬ್ಬರೂ ಒಂದೇ ಧರ್ಮದವರು, ಒಬ್ಬನೇ ಸುಲ್ತಾನನ ಸೇವಕರು. ಶತ್ರುಪಕ್ಷದ ರಾಯಭಾರಿಯನ್ನು ಕಣ್ಣಳತೆಯಿಂದ ಆಚೆ ಬಿಡಲು ಮಂತ್ರಿಯೊಬ್ಬ ಹಿಂಜರಿದುದಕ್ಕೆ ಧಾರ್ಮಿಕ ಕಾರಣವನ್ನೇ ಹುಡುಕಬೇಕಾಗಿಲ್ಲ.

ಇದೇ ಕಾಲದ ಯುರೋಪಿನೊಡನೆ ಹೋಲಿಸಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಏಡ್ರಿಯಾಟಿಕ್ ತೀರದ ರಗೂಸಾ, ಎಂದರೆ ಇಂದಿನ ದುಬ್ರೊವ್ನಿಕ್, ೧೩೭೭ರಲ್ಲಿ ಪ್ಲೇಗುಪ್ರದೇಶಗಳಿಂದ ಬಂದವರನ್ನು ಮೂವತ್ತು ದಿನ ಪ್ರತ್ಯೇಕವಾಗಿರಿಸುವ ಶಾಸನ ಮಾಡಿತು. ವೆನಿಸ್ ೧೪೨೩ರಲ್ಲಿ ದ್ವೀಪವೊಂದರಲ್ಲಿ ಪ್ಲೇಗು ಆಸ್ಪತ್ರೆಯನ್ನು ತೆರೆಯಿತು. ಇವು ಗಣ್ಯ ಸಾಧನೆಗಳೇ ಸರಿ. ಆಟೊಮನ್ ರಾಜ್ಯದಲ್ಲಿ ಕ್ವಾರಂಟೈನ್ ವ್ಯವಸ್ಥೆ ಅಧಿಕೃತವಾಗಿ ಬಂದುದು ಬಹಳ ತಡವಾಗಿ, ೧೮೩೮ರಲ್ಲಿ, ಎರಡನೆಯ ಮಹ್ಮೂದನ ಆಳ್ವಿಕೆಯಲ್ಲಿ. ಈ ವಿಳಂಬವನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಆದರೆ ರೋಗವು ದೇವರ ಕೋಪವೆಂಬ ನಂಬಿಕೆ ಕ್ರೈಸ್ತ ಯುರೋಪಿನಲ್ಲಿಯೂ ಅಷ್ಟೇ ಪ್ರಬಲವಾಗಿತ್ತು. ಆ ನಂಬಿಕೆಯ ಜೊತೆಗೆ ಅಲ್ಲಿ ಅಪರಾಧಿಗಳ ಹುಡುಕಾಟವೂ ನಡೆಯಿತು. ಬಾವಿಗೆ ವಿಷ ಹಾಕಿದರೆಂಬ ಆರೋಪದ ಮೇಲೆ ಯಹೂದಿಗಳನ್ನು ಸುಡಲಾಯಿತು; ೧೩೪೯ರ ಫೆಬ್ರವರಿ ೧೪ರಂದು ಸ್ಟ್ರಾಸ್‌ಬರ್ಗಿನಲ್ಲಿ ನಡೆದ ಹತ್ಯೆ ಅದಕ್ಕೊಂದು ನಿದರ್ಶನ. ಮಧ್ಯಪ್ರಾಚ್ಯದ ಮಹಾಪ್ಲೇಗನ್ನು ಕುರಿತು ೧೯೭೭ರಲ್ಲಿ ಗ್ರಂಥ ಪ್ರಕಟಿಸಿದ ಮೈಕೆಲ್ ಡಾಲ್ಸ್, ಮುಸ್ಲಿಂ ಸಮಾಜಗಳಲ್ಲಿ ಇಂಥ ಸಾಮೂಹಿಕ ಹಿಂಸೆ ಕಂಡುಬರದಿರುವುದನ್ನು ಗಮನಕ್ಕೆ ತಂದರು. ೧೩೪೮ರಲ್ಲಿ ದಮಾಸ್ಕಸ್ ನಗರದಲ್ಲಿದ್ದ ಇಬ್ನ್ ಬತೂತನು ಮುಸಲ್ಮಾನರೂ ಯಹೂದಿಗಳೂ ಕ್ರೈಸ್ತರೂ ತಮ್ಮ ತಮ್ಮ ಧರ್ಮಗ್ರಂಥಗಳೊಡನೆ ಒಂದೇ ಮೆರವಣಿಗೆಯಲ್ಲಿ ಹೊರಟು ಪ್ರಾರ್ಥಿಸಿದುದನ್ನು ವರ್ಣಿಸಿದ್ದಾನೆ. ರೋಗವನ್ನು ದೈವಪ್ರೇರಿತವೆಂದು ನಂಬಿದವನು ನೆರೆಯವನನ್ನು ಅಪರಾಧಿಯೆಂದು ಹಿಡಿಯಬೇಕಾಗಲಿಲ್ಲ. ವಿಧಿವಾದವೆಂದು ಹೀಗಳೆದ ಮನೋಭಾವದ ಈ ಇನ್ನೊಂದು ಮುಖವೂ ಲೆಕ್ಕಕ್ಕೆ ಬರಬೇಕು.

೭. ಶಬ್ದ ಮತ್ತು ಸ್ಮೃತಿ

ಚರಿತ್ರಕಾರ ಬರೆಯದೆ ಬಿಟ್ಟುದನ್ನು ಭಾಷೆ ಕೆಲವೊಮ್ಮೆ ಉಳಿಸಿಕೊಳ್ಳುತ್ತದೆ. ಅರಬ್ಬಿಯಿಂದ ಬಂದ ‘ತಾಊನ್’ ಮತ್ತು ‘ವೆಬಾ’ ಎಂಬ ಶಬ್ದಗಳು ಆಟೊಮನ್ ವಿದ್ವಾಂಸರ ಬರಹದಲ್ಲಿವೆ. ಮೊದಲನೆಯದು ಗಂಟು ಏಳುವ ಪ್ಲೇಗಿಗೆ, ಎರಡನೆಯದು ಸಾಮಾನ್ಯವಾಗಿ ಎಲ್ಲ ಬಗೆಯ ಪಿಡುಗಿಗೆ. ಜನಸಾಮಾನ್ಯರ ತುರ್ಕಿ ಭಾಷೆಯಲ್ಲಿ ‘ಯುಮುರ್ಜಾಕ್’ ಎಂಬ ಮಾತಿದೆ. ತೊಡೆಸಂದಿಯಲ್ಲಿ ಏಳುವ ಪ್ಲೇಗಿನ ಗಂಟು ಅದರ ಹಳೆಯ ಅರ್ಥ. ಇಂದು ತುರ್ಕಿ ತಾಯಂದಿರು ತುಂಟ ಮಗುವನ್ನು ಗದರಿಸುವುದಕ್ಕೆ ಬಳಸುವ ಮಾತೂ ಅದೇ. ಕನ್ನಡದಲ್ಲಿ ‘ಮಾರಿ’ ಎಂಬ ಶಬ್ದ ದೇವತೆಗೂ ರೋಗಕ್ಕೂ ಬೈಗುಳಕ್ಕೂ ಒಂದಾಗಿ ಒದಗಿ, ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂಬ ಗಾದೆಯಲ್ಲಿ ನೆಲೆಸಿರುವುದನ್ನು ಇದರೊಡನೆ ಇಟ್ಟು ನೋಡಬಹುದು. ಭಯಂಕರವಾದುದನ್ನು ದಿನಬಳಕೆಯ ಮಾತಾಗಿ ಪಳಗಿಸಿಕೊಳ್ಳುವುದು ಭಾಷೆಯ ಸ್ವಭಾವ. ಅರಮನೆಯ ಚರಿತ್ರೆಗಳು ಮರೆತ ಗಂಟನ್ನು ಅಡುಗೆಮನೆಯ ಮಾತು ಮರೆಯಲಿಲ್ಲ.

ಆಟೊಮನ್ ಪ್ಲೇಗನ್ನು ಇಂದು ಅರ್ಥೈಸಿಕೊಳ್ಳುವ ವಿಜ್ಞಾನಕ್ಕೂ ಭಾರತಕ್ಕೂ ನೇರ ಸಂಬಂಧವಿದೆ. ೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ೧೮೯೮ರಲ್ಲಿ ಅದು ಬೆಂಗಳೂರನ್ನು ಮುಟ್ಟಿತು. ಚಿಗಟವೇ ರೋಗವಾಹಕವೆಂಬುದನ್ನು ಪೌಲ್ ಲೂಯಿ ಸಿಮೊಂದ್ ೧೮೯೮ರಲ್ಲಿ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದನು. ೧೯೦೫ರಿಂದ ಮುಂದೆ ಮುಂಬಯಿಯ ಪರೇಲ್‌ನಲ್ಲಿ ನಡೆದ ಸಂಶೋಧನೆಗಳು ಅದನ್ನು ದೃಢಪಡಿಸಿದವು. ಅದೇ ವರ್ಷಗಳಲ್ಲಿ ಭಾರತೀಯರೂ ವಿಧಿವಾದಿಗಳೆಂಬ ಮಾತು ಆಡಳಿತಗಾರರ ಬಾಯಿಂದ ಕೇಳಿಬರುತ್ತಿತ್ತು. ಮನ್ನಣೆಯಿಲ್ಲದೆ ಮನೆಹೊಕ್ಕ ಪ್ಲೇಗು ಅಧಿಕಾರಿಗಳನ್ನು ಪುಣೆಯ ಜನ ವಿರೋಧಿಸಿದುದನ್ನು ರೋಗದ ಅಜ್ಞಾನವೆಂದು ತಿಳಿದವರೂ ಇದ್ದರು. ಇಸ್ತಾಂಬುಲಿಗೆ ಅಂಟಿಸಿದ ಹಣೆಪಟ್ಟಿಯೇ ಇಲ್ಲಿಗೂ ಬಂದುದು ಕಾಕತಾಳೀಯವಲ್ಲ. ಆದರೆ ಪ್ಲೇಗು ಬಂದಾಗ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಹಳ್ಳಿಗರು ಅದರ ಜೊತೆಗೇ ಪ್ಲೇಗಮ್ಮನಿಗೆ ಹರಕೆಯನ್ನೂ ಹೊತ್ತರು. ಪ್ಲೇಗು ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಅಗ್ರಹಾರದ ಧರ್ಮಸಂಕಟಕ್ಕೂ, ಭೈರಪ್ಪನವರ ‘ಗೃಹಭಂಗ’ದಲ್ಲಿ ಒಂದು ಕುಟುಂಬದ ನಾಶಕ್ಕೂ ಕಾರಣವಾಗುವುದನ್ನು ಕನ್ನಡ ಓದುಗರು ಬಲ್ಲರು. ಹರಕೆ ಮತ್ತು ಎಚ್ಚರಿಕೆ ಪರಸ್ಪರ ವಿರೋಧಿಗಳಲ್ಲವೆಂಬುದಕ್ಕೆ ಅನಾತೋಲಿಯದವರೆಗೆ ಹೋಗಬೇಕಾಗಿಲ್ಲ.

೮. ಸಮಾರೋಪ

ಮೇಲಿನ ಪರಿಶೀಲನೆಯಿಂದ ಹೊರಡುವ ನಿರ್ಣಯಗಳನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಆಟೊಮನ್ನರ ಆರಂಭಕಾಲೀನ ಆಕರಗಳಲ್ಲಿ ಪ್ಲೇಗು ಕಾಣದಿರುವುದಕ್ಕೆ ಆ ಆಕರಗಳ ಕಾಲ ಮತ್ತು ಪ್ರಯೋಜನಗಳೇ ಕಾರಣ. ಆ ಮೌನದಿಂದ ರೋಗ ಬರಲಿಲ್ಲವೆಂದಾಗಲೀ ಜನ ನಿರ್ವಿಕಾರರಾಗಿದ್ದರೆಂದಾಗಲೀ ಹೇಳಲು ಬಾರದು. ಬೇರೆ ಭಾಷೆಗಳ, ಬೇರೆ ಪ್ರಕಾರಗಳ ಸಾಮಗ್ರಿಯನ್ನು ಜೋಡಿಸಿದಾಗ ಊರು ತೊರೆದ ಪ್ರಜೆಗಳು, ರಾಜಧಾನಿಯಿಂದ ದೂರ ಉಳಿದ ಸುಲ್ತಾನ, ಶಾಸ್ತ್ರವನ್ನು ಮರುಪರಿಶೀಲಿಸಿದ ಪಂಡಿತರು, ಅನುಮತಿ ನೀಡಿದ ಧರ್ಮಾಧಿಕಾರಿ ಇವರೆಲ್ಲರೂ ಕಣ್ಣಮುಂದೆ ಬರುತ್ತಾರೆ. ಉಳಿದವರೂ ಇದ್ದರು, ಅವರ ಉಳಿಯುವಿಕೆಗೂ ಅದರದೇ ಆದ ವಿಚಾರವಿತ್ತು. ಪ್ಲೇಗು ಆ ನೆಲದಲ್ಲಿ ಬೇರೂರಿದುದಕ್ಕೆ ಸಾಮ್ರಾಜ್ಯದ ಮಾರ್ಗಜಾಲವು ಸಾಕಷ್ಟು ಕಾರಣವಾಗಿರುವಾಗ ಜನಾಂಗದ ಸ್ವಭಾವವನ್ನು ಕಾರಣವಾಗಿ ಹೂಡುವುದು ಅನವಶ್ಯಕ.

ಕನ್ನಡ ಸಂಶೋಧನೆಗೂ ಈ ಪ್ರಸಂಗ ಉಪಯುಕ್ತವಾಗಬಲ್ಲುದು. ೧೮೯೮ರ ಅನಂತರದ ಕರ್ನಾಟಕದ ಪ್ಲೇಗನ್ನು ಕುರಿತು ಆಡಳಿತದ ವರದಿಗಳು ಹೇರಳವಾಗಿವೆ. ಅವುಗಳಲ್ಲಿ ಜನರ ವಿಚಾರ ಕಾಣುವುದು ವಿರಳ. ಪ್ಲೇಗಮ್ಮನ ಗುಡಿಗಳ ಸ್ಥಳಪುರಾಣ, ಹಳ್ಳಿಗಳ ಹಾಡು, ವಲಸೆ ಹೋದ ಕುಟುಂಬಗಳ ನೆನಪು, ಗಾದೆ ಮತ್ತು ಬೈಗುಳ ಇವನ್ನು ಆ ವರದಿಗಳ ಪಕ್ಕದಲ್ಲಿಟ್ಟು ಓದುವ ಕೆಲಸ ಕನ್ನಡ ವಿಭಾಗಗಳಿಗೆ ಸಹಜವಾಗಿ ಒಲಿದು ಬರುವಂಥದು. ಇಸ್ತಾಂಬುಲಿನ ವಿದ್ವಾಂಸರು ಐದು ಶತಮಾನಗಳ ಮೌನವನ್ನು ಇದೇ ಬಗೆಯ ಸಾಮಗ್ರಿಯಿಂದ ಸ್ವಲ್ಪಸ್ವಲ್ಪವಾಗಿ ಓದುತ್ತಿದ್ದಾರೆ. ಮೈಸೂರು, ಮುಂಬಯಿ ಕರ್ನಾಟಕ ಮತ್ತು ಹೈದರಾಬಾದ್ ಸೀಮೆಗಳಲ್ಲಿ ನಡೆದುದು ಕೇವಲ ನೂರಿಪ್ಪತ್ತೈದು ವರ್ಷಗಳ ಹಿಂದಿನ ಮಾತು. ಅದನ್ನು ಹೇಳಬಲ್ಲ ಮೊಮ್ಮಕ್ಕಳು ಇನ್ನೂ ಕೆಲವು ಮನೆಗಳಲ್ಲಿ ಇದ್ದಾರೆ.